ದಾನಕ್ಕೆ ಮೊದಲು ಕೂಲಿ

ಕೊಯ್ಲು ಮುಗಿದ ಕಾಲಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಗಳ ಅಂಗಳದಲ್ಲಿ ನಿಂತು ನೋಡುವವರಿಗೆ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಲಾರಿಯ ಹಿಂಬದಿಗೆ ಬೆನ್ನು ಕೊಟ್ಟು ಹಮಾಲನೊಬ್ಬ ನಿಲ್ಲುತ್ತಾನೆ. ಮೇಲಿನವರಿಬ್ಬರು ಭತ್ತದ ಚೀಲವೊಂದನ್ನು ಅವನ ಹೆಗಲಿಗೂ ಕತ್ತಿಗೂ ಸೇರಿಸಿ ಇಳಿಸುತ್ತಾರೆ. ಅವನು ಉಸಿರು ಬಿಗಿಹಿಡಿದು, ಹಲಗೆಯ ಮೇಲೆ ಹೆಜ್ಜೆಯಿಡುತ್ತ, ಒಟ್ಟಿದ ಚೀಲಗಳ ತುದಿಗೆ ಏರುತ್ತಾನೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಪೇಟೆಯಲ್ಲಿ ಬೆಲೆ ಮಾತಾಡುವುದೂ ಆ ಲೆಕ್ಕದಲ್ಲಿಯೇ. ಹೊರುವವನ ಮೈತೂಕ ಎಷ್ಟೋ ಸಲ ಅವನು ಹೊತ್ತ ಚೀಲದ ತೂಕಕ್ಕಿಂತ ಕಡಿಮೆಯಿರುತ್ತದೆ. ಈ ದೃಶ್ಯ ಯಾರ ಕಣ್ಣಿಗೂ ಹಿಂಸೆಯಾಗಿ ಕಾಣುವುದಿಲ್ಲ. ಅದು ವ್ಯಾಪಾರ, ಅದು ನಿತ್ಯದ ಕೆಲಸ, ಅದು ಅವರವರ ಹಣೆಬರಹ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಇದೇ ದೇಶದಲ್ಲಿ ಹೊರೆಯ ಮತ್ತೊಂದು ಲೆಕ್ಕವೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಕೇಂದ್ರ ಸರ್ಕಾರವು 1965ರಲ್ಲಿ ರಚಿಸಿದ ನಿಯಮಗಳು ಹೊರೆ ಹೊರುವ ಪ್ರಾಣಿಗಳಿಗೆ ಮಿತಿಯನ್ನು ಗೊತ್ತುಪಡಿಸಿವೆ. ಕತ್ತೆಯ ಬೆನ್ನಿಗೆ 50 ಕಿಲೋ, ತಟ್ಟುಕುದುರೆಗೆ 70 ಕಿಲೋ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕಾಲ ದುಡಿಸಕೂಡದು. ಐದು ಗಂಟೆ ಮೀರಿ ವಿಶ್ರಾಂತಿಯಿಲ್ಲದೆ ದುಡಿಸಕೂಡದು. ಉಷ್ಣಾಂಶ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಕೂಡದು. ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಆ ಹೊತ್ತಿನಲ್ಲಿ ಕತ್ತೆಗೆ ನೆರಳು ಕಾನೂನಿನ ಹಕ್ಕು. ಹಮಾಲನಿಗಾದರೋ ಅದು ಸರಕು ಇಳಿಸಿಕೊಳ್ಳುವವನ ಅವಸರಕ್ಕೆ ಬಿಟ್ಟ ವಿಷಯ.

ಪ್ರಾಣಿದಯೆ ಕಡಿಮೆಯಾಗಲಿ ಎಂಬುದು ಈ ಮಾತಿನ ಅರ್ಥವಲ್ಲ. ಗೋಶಾಲೆಗೆ ಹುಲ್ಲು ಕಳುಹಿಸುವ, ಇರುವೆ ತುಳಿಯದಂತೆ ನೆಲ ನೋಡಿ ನಡೆಯುವ, ಕತ್ತಲಾದ ಮೇಲೆ ಊಟ ಬಿಡುವ ಸಮಾಜದ ಆ ಸೂಕ್ಷ್ಮತೆ ಲೋಕಕ್ಕೆ ಮಾದರಿಯಾದುದು. ಪ್ರಶ್ನೆ ಇಷ್ಟೇ: ಅಷ್ಟು ಸೂಕ್ಷ್ಮವಾದ ಕಣ್ಣು ಗಿರಣಿಯ ಬಾಗಿಲಿಗೆ ಬಂದಾಗ ಏಕೆ ಮುಚ್ಚಿಕೊಳ್ಳುತ್ತದೆ?

ಶಾಸ್ತ್ರವಂತೂ ಕಣ್ಣು ಮುಚ್ಚಿಕೊಂಡಿಲ್ಲ. ಅಹಿಂಸಾಣುವ್ರತಕ್ಕೆ ಬರುವ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದೇ ಆಶಯದ ಎಣಿಕೆಯಿದೆ. ಶಕ್ತಿಗೆ ಮೀರಿದ ಹೊರೆ ಹೊರಿಸುವುದನ್ನೂ, ಹೊತ್ತಿಗೆ ಅನ್ನಪಾನ ದೊರೆಯದಂತೆ ಮಾಡುವುದನ್ನೂ ಆಚಾರ್ಯರು ವಧೆಯ ಪಕ್ಕದಲ್ಲಿಯೇ ಕೂರಿಸಿದ್ದಾರೆ. ಶ್ರಾವಕನು ಕೈಯಲ್ಲಿ ಕತ್ತಿ ಹಿಡಿಯುವವನಲ್ಲ. ಅವನಿಂದ ಹಿಂಸೆ ನಡೆಯುವುದಾದರೆ ಅದು ವ್ಯವಹಾರದ ದಾರಿಯಿಂದಲೇ ನಡೆದೀತು ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಈ ಅತಿಚಾರಗಳನ್ನು ಎತ್ತು ಕತ್ತೆಗಳಿಗಷ್ಟೇ ಅನ್ವಯಿಸಿ ಓದುವುದು ಓದುವವನ ಅನುಕೂಲವೇ ಹೊರತು ಶಾಸ್ತ್ರದ ಅಭಿಪ್ರಾಯವಲ್ಲ. ಪಂಚೇಂದ್ರಿಯ ಜೀವಿಗಳಲ್ಲಿ ಮನುಷ್ಯನನ್ನು ಬಿಟ್ಟು ಎಣಿಸಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ.

ಹೊರೆ ತಗ್ಗಿಸುವುದು ಅಸಾಧ್ಯವೆನ್ನುವುದೂ ಸುಳ್ಳು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಷ್ಟು ಹಿಂದೆಯೇ ವಯಸ್ಕ ಪುರುಷನು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ಭಾರತೀಯ ಆಹಾರ ನಿಗಮದ ಧಾನ್ಯ 50 ಕಿಲೋ ಚೀಲಗಳಲ್ಲಿ ದೇಶದ ಉದ್ದಗಲಕ್ಕೂ ಓಡಾಡುತ್ತಿದೆ. ಅದರಿಂದ ಯಾವ ಗೋದಾಮೂ ಮುಚ್ಚಿಲ್ಲ. ಭತ್ತದ ಚೀಲ ಮಾತ್ರ 75 ಕಿಲೋದಲ್ಲಿಯೇ ನಿಂತಿರುವುದಕ್ಕೆ ಕಾರಣ ಒಂದೇ: ಅದನ್ನು ಇಳಿಸಬೇಕೆಂದು ಹೇಳಬಲ್ಲ ಸ್ಥಾನದಲ್ಲಿರುವವರು ಅದನ್ನು ಹೊರುವವರಲ್ಲ.

ಸಿರುಗುಪ್ಪದಿಂದ ಬಳ್ಳಾರಿ ನಗರಕ್ಕೆ ಬಂದರೆ ಹೊರೆಯ ರೂಪ ಬದಲಾಗುತ್ತದೆ. ಇಲ್ಲಿ ಭಾರ ಹೆಗಲ ಮೇಲಲ್ಲ, ಕಣ್ಣಿನ ಮೇಲೆ, ಬೆರಳಿನ ಮೇಲೆ, ಸೊಂಟದ ಮೇಲೆ. ಕೌಲ್ ಬಜಾರಿನ ಓಣಿಗಳಲ್ಲಿ, ಮುಂಡರಗಿಯ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುವ ಜೀನ್ಸ್ ಪ್ಯಾಂಟುಗಳು ಬಳ್ಳಾರಿಗೆ ಹೊರರಾಜ್ಯಗಳಲ್ಲಿಯೂ ಹೆಸರು ತಂದಿವೆ. ಒಂದು ಪ್ಯಾಂಟು ಅಂಗಡಿ ಸೇರುವ ಮುನ್ನ ಹಲವು ಕೈ ದಾಟುತ್ತದೆ. ಒಬ್ಬ ಬಟ್ಟೆ ಕತ್ತರಿಸುತ್ತಾನೆ, ಮತ್ತೊಬ್ಬ ಹೊಲಿಯುತ್ತಾನೆ, ಮಗದೊಬ್ಬ ಕಾಜಾ ಹಾಕುತ್ತಾನೆ. ಇನ್ನೊಂದೆಡೆ ಅದನ್ನು ತೊಳೆದು ಬಣ್ಣ ತೆಗೆಯುತ್ತಾರೆ. ಮನೆಯ ಬಾಗಿಲಲ್ಲಿ ಕುಳಿತ ಹೆಂಗಸು ಉಳಿದ ದಾರ ಕತ್ತರಿಸಿ ಕೊಡುತ್ತಾಳೆ. ಇವರಲ್ಲಿ ಬಹುಪಾಲು ಜನರಿಗೆ ಕೂಲಿ ಪೀಸಿನ ಲೆಕ್ಕದಲ್ಲಿ. ಪ್ಯಾಂಟಿಗೆ ಹಚ್ಚುವ ಚೀಟಿಯಲ್ಲಿ ಬ್ರ್ಯಾಂಡಿನ ಹೆಸರು ಇರುತ್ತದೆ. ಅದನ್ನು ಹೊಲಿದವನ ಹೆಸರು ಮಾಲೀಕನ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ.

ಇದಕ್ಕೆ ಕೊಡುವ ಸಮರ್ಥನೆ ಹಳೆಯದು: ಅವನು ನೌಕರನಲ್ಲ, ಪೀಸಿನ ಕೆಲಸದವನು, ಬಂದಾಗ ಬರುತ್ತಾನೆ, ಹೋದಾಗ ಹೋಗುತ್ತಾನೆ, ಇವತ್ತು ಇಲ್ಲಿ, ನಾಳೆ ಪಕ್ಕದ ಓಣಿಯಲ್ಲಿ. ಈ ವಾದವನ್ನು ದೇಶದ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ತಳ್ಳಿಹಾಕಿದೆ, ಅದೂ ದರ್ಜಿಗಳದೇ ಪ್ರಕರಣದಲ್ಲಿ. ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಅಂಗಡಿಯವರು ಹೇಳಿದ್ದು ಇದೇ ಮಾತು: ದರ್ಜಿಗಳಿಗೆ ವೇಳೆಯ ಕಟ್ಟಿಲ್ಲ, ಪೀಸಿಗೆ ಇಷ್ಟೆಂದು ಹಣ, ಬೇಕಾದರೆ ಬಟ್ಟೆಯನ್ನು ಮನೆಗೂ ಒಯ್ಯುತ್ತಾರೆ. ಹೊಲಿದದ್ದು ಸರಿಯಿಲ್ಲವೆಂದು ತಿರಸ್ಕರಿಸುವ, ಮತ್ತೆ ಹೊಲಿಸುವ ಅಧಿಕಾರ ಯಾರದೋ ಅವನೇ ಯಜಮಾನ, ಹೊಲಿದವನು ನೌಕರ ಎಂದು ನ್ಯಾಯಾಲಯ ತೀರ್ಮಾನಿಸಿತು. ಅರ್ಧ ಶತಮಾನ ಕಳೆದಿದೆ. ಬಳ್ಳಾರಿಯ ಓಣಿಗಳಲ್ಲಿ ಆ ತೀರ್ಪಿನ ಸದ್ದು ಇನ್ನೂ ಕೇಳಿಸಿಲ್ಲ.

ಹೆಸರು ಬರೆಯದಿರುವುದು ಬರೆಯುವ ಶ್ರಮ ತಪ್ಪಿಸಲಿಕ್ಕಲ್ಲ. ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿ ನೌಕರನೊಬ್ಬನ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವರ್ಷಕ್ಕೆ 240 ದಿನ ದುಡಿದೆನೆಂಬುದನ್ನು ಸಾಬೀತುಪಡಿಸುವ ಹೊಣೆ ಕೆಲಸಗಾರನದೇ, ಅವನ ಪ್ರಮಾಣಪತ್ರವೊಂದೇ ಅದಕ್ಕೆ ಸಾಲದು ಎಂದು ಹೇಳಿತು. ಹಾಜರಿ ಪುಸ್ತಕವಿರುವುದು ಮಾಲೀಕನ ಬೀರುವಿನಲ್ಲಿ. ಸಾಕ್ಷ್ಯ ಕೊಡಬೇಕಾದವನು ಕೂಲಿಯವನು. ಹೀಗಿರುವಾಗ ಪುಸ್ತಕದಲ್ಲಿ ಹೆಸರಿಲ್ಲದವನು ಹತ್ತು ವರ್ಷ ದುಡಿದರೂ ಒಂದು ದಿನವೂ ದುಡಿಯದವನಂತೆಯೇ. ಜೀನ್ಸ್ ತೊಳೆಯುವ ಘಟಕಗಳನ್ನು ಮುಚ್ಚುವಂತೆ ಮಾಲಿನ್ಯ ನಿಯಂತ್ರಣ ಮಂಡಳಿ 2024ರಲ್ಲಿ ಸೂಚಿಸಿದಾಗ ಮಾಲೀಕರ ನಷ್ಟದ ಮಾತು ಪತ್ರಿಕೆಗಳಲ್ಲಿ ಬಂತು. ಅದು ನಿಜವಾದ ನಷ್ಟವೇ. ಆದರೆ ಕಲುಷಿತ ನೀರಿನಲ್ಲಿ ಕೈಯದ್ದಿ ನಿಂತು ದುಡಿದವರು ತಮ್ಮ ನಷ್ಟವನ್ನು ಯಾವ ಕಾಗದ ತೋರಿಸಿ ಕೇಳಬೇಕಿತ್ತು? 2023ರ ವಿಧಾನಸಭಾ ಚುನಾವಣೆಯ ವೇಳೆ ಬಳ್ಳಾರಿಗೆ ಐದು ಸಾವಿರ ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಕೇಳಿಬಂತು. ಕಟ್ಟಡ ಬರಲಿ, ಯಂತ್ರ ಬರಲಿ, ಮಾರುಕಟ್ಟೆ ಬೆಳೆಯಲಿ. ಅಲ್ಲಿಯೂ ಹೊಲಿಯುವವನ ಹೆಸರು ಪುಸ್ತಕಕ್ಕೆ ಬಾರದಿದ್ದರೆ ಓಣಿಯ ಅನ್ಯಾಯವೇ ದೊಡ್ಡ ಸೂರಿನ ಕೆಳಗೆ ಮುಂದುವರಿದಂತಾಗುವುದು.

ಕುರುಗೋಡು ಸೀಮೆಯ ಗದ್ದೆಗಳಲ್ಲಿ ಈ ಹೆಸರಿಲ್ಲದ ದುಡಿಮೆಗೆ ಪುಸ್ತಕವೆಂಬುದೇ ಇಲ್ಲ. ಭತ್ತದ ನಾಟಿಗೆ ಹೆಂಗಸರ ಗುಂಪು ಎಕರೆಗೆ ಇಷ್ಟೆಂದು ಮಾತಾಡಿಕೊಂಡು ಇಳಿಯುತ್ತದೆ. ಮೊಳಕಾಲುದ್ದ ಕೆಸರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಬೆನ್ನು ಎತ್ತುವಂತಿಲ್ಲ. ಔಷಧಿ ಹೊಡೆಯುವ ಗಂಡಾಳಿಗೆ ಒಂದು ದರ, ಕಳೆ ಕೀಳುವ ಹೆಣ್ಣಾಳಿಗೆ ಮತ್ತೊಂದು. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಕೊಡಬೇಕೆಂಬ ಕಾಯಿದೆ 1976ರಲ್ಲಿ ಬಂತು. ಈಗ ಅದೇ ತತ್ತ್ವವನ್ನು ವೇತನ ಸಂಹಿತೆ ಮುಂದುವರಿಸಿದೆ. ಗದ್ದೆಯ ಬದುವಿನವರೆಗೆ ಆ ಅಕ್ಷರ ಇಳಿದು ಬಂದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಹಳೆಯ ಗೇಟುಗಳನ್ನು ಬದಲಿಸುವ ಕಾರ್ಯಕ್ಕಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರುವ ನಿರ್ಧಾರವಾಯಿತು. ಆಗ ರೈತನಿಗೆ ಪರಿಹಾರ ಬೇಕೆಂಬ ಕೂಗು ಎದ್ದಿತು; ಅದು ನ್ಯಾಯವಾದ ಕೂಗು. ಆದರೆ ನಾಟಿಯೂ ಇಲ್ಲ, ಕಳೆಯೂ ಇಲ್ಲ, ಕೊಯ್ಲೂ ಇಲ್ಲ ಎಂದಾಗ ಒಂದು ಹಂಗಾಮಿನ ಅನ್ನವನ್ನೇ ಕಳೆದುಕೊಂಡವಳು ಎಕರೆಯ ಲೆಕ್ಕದಲ್ಲಿ ಬರುವುದಿಲ್ಲ. ಅವಳ ಹೆಸರಿನಲ್ಲಿ ಎಕರೆಯಿಲ್ಲ.

ಕಾನೂನು ಇದನ್ನೆಲ್ಲ ನೋಡಿಕೊಳ್ಳಲಿ ಎನ್ನುವವರು ಕಾನೂನಿನ ಇಂದಿನ ಸ್ಥಿತಿಯನ್ನು ತಿಳಿಯಬೇಕು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ದೇಶದಾದ್ಯಂತ ಜಾರಿಗೆ ಬಂದವು. ಹಳೆಯ 29 ಕಾಯಿದೆಗಳ ಸ್ಥಾನವನ್ನು ಅವು ಪಡೆದವು. ಅವುಗಳಲ್ಲಿ ಒಳ್ಳೆಯದಿಲ್ಲವೆಂದಲ್ಲ. ಕನಿಷ್ಠ ವೇತನವು ಪಟ್ಟಿಯಲ್ಲಿ ಸೇರಿದ ಉದ್ಯೋಗಗಳಿಗಷ್ಟೇ ಎಂಬ ಹಳೆಯ ಕಟ್ಟು ಸಡಿಲವಾಗಿ, ಎಲ್ಲ ಕೆಲಸಗಾರರಿಗೂ ಅದು ಹಕ್ಕಾಯಿತು. ಪೀಸಿನ ಕೆಲಸದವನಿಗೂ ಅದರ ರಕ್ಷಣೆಯಿದೆ. ನೇಮಕಾತಿ ಪತ್ರ, ವೇತನ ಚೀಟಿ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ, ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಬಟವಾಡೆ, ಇವೆಲ್ಲ ಅಕ್ಷರದಲ್ಲಿವೆ. ಆದರೆ ಇನ್ನೊಂದು ಕೈಯಿಂದ ಕಿತ್ತುಕೊಂಡದ್ದೂ ಇದೆ. 1948ರ ಕಾಯಿದೆಯಂತೆ ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಅದು ಕಾರ್ಖಾನೆಯಾಗುತ್ತಿತ್ತು. ಈಗ 20 ಜನರಿರಬೇಕು. ಗುತ್ತಿಗೆ ಕಾರ್ಮಿಕರ ರಕ್ಷಣೆ 20 ಜನರಿಗೆ ಆರಂಭವಾಗುತ್ತಿತ್ತು, ಈಗ 50. ಮುಷ್ಕರಕ್ಕೆ ಮುಂಚಿತ ನೋಟೀಸು ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಬೇಕಾಗಿತ್ತು. ಈಗ ಎಲ್ಲ ಕೈಗಾರಿಕೆಗಳಿಗೂ 14 ದಿನಗಳ ನೋಟೀಸು. ಅರ್ಧದಷ್ಟು ಜನ ಒಟ್ಟಾಗಿ ಒಂದು ದಿನ ರಜೆ ಹಾಕಿದರೂ ಅದು ಮುಷ್ಕರವೇ.

ಹತ್ತೊಂಬತ್ತು ಜನ ಹೊಲಿಯುವ ಕೋಣೆ ಹೀಗೆ ಕಾರ್ಖಾನೆಯಾಗದೆ ಉಳಿಯಿತು. ಅಲ್ಲಿನ ಬಿಸಿಲು, ಧೂಳು, ಕತ್ತಲು ಮೊದಲಿನಂತೆಯೇ ಇವೆ. ಕಾನೂನಿನ ಕಣ್ಣು ಮಾತ್ರ ಹಿಂದೆ ಸರಿದಿದೆ. ಈ ಸಂದರ್ಭದಲ್ಲಿಯೇ ಶ್ರಾವಕಾಚಾರದ ಪರೀಕ್ಷೆ. ಅಣುವ್ರತಗಳು 20ನೆಯ ಕೆಲಸಗಾರನಿಂದ ಆರಂಭವಾಗುತ್ತವೆಯೇ? ಹತ್ತೊಂಬತ್ತನೆಯವನ ನೋವು ನೋವಲ್ಲವೇ? ನಿರೀಕ್ಷಕನು ಬಾರದ ಮನೆಯಲ್ಲಿ ನಡೆಯುವುದು ಹಿಂಸೆಯಲ್ಲವೆಂದಾದರೆ ರಾತ್ರಿ ಯಾರೂ ನೋಡದಾಗ ಉಣ್ಣುವುದೂ ವ್ರತಭಂಗವಾಗಬಾರದು.

ಅಚೌರ್ಯ ವ್ರತದ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಆ ವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಅಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಇನ್ನೊಂದು ಅಳತೆ, ಒಂದು. ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಮತ್ತೊಂದು. ತಕ್ಕಡಿಯಲ್ಲಿ ತೂಕ ಕಡಿಮೆ ಮಾಡಿದವನನ್ನು ಸಮಾಜ ಕಳ್ಳನೆನ್ನುತ್ತದೆ. ಕೂಲಿಯಲ್ಲಿ ಕಡಿಮೆ ಮಾಡಿದವನನ್ನು ಜಾಣ ವ್ಯಾಪಾರಿ ಎನ್ನುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯಾಡ್ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಸಾರಿತು. ಹಸಿವೂ ಒಂದು ಬಲಾತ್ಕಾರವೆಂಬುದೇ ಆ ತೀರ್ಪಿನ ತಿರುಳು. ಕಡಿಮೆ ಕೂಲಿಗೆ ಒಪ್ಪಿಯೇ ಬಂದನಲ್ಲ ಎಂಬ ಮಾತಿಗೆ ಅಂದಿನಿಂದ ನ್ಯಾಯದಲ್ಲಿ ಸ್ಥಾನವಿಲ್ಲ; ಧರ್ಮದಲ್ಲಂತೂ ಎಂದೂ ಇರಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಕೆಲವಿವೆ. ಅವನ್ನು ಪ್ರಾಮಾಣಿಕವಾಗಿಯೇ ಎದುರಿಸಬೇಕು. ಸಣ್ಣ ಮಾಲೀಕನ ಲಾಭ ತೆಳುವಾದುದು, ದೊಡ್ಡ ವರ್ತಕನು ದರ ಹಿಂಡುತ್ತಾನೆ, ಎಲ್ಲಿಂದ ಕೊಡುವುದು ಎಂಬುದು ಮೊದಲನೆಯದು. ದರ ಹಿಂಡುವ ವರ್ತಕನಿದ್ದಾನೆಂಬುದು ನಿಜ. ಆದರೆ ಮೇಲಿನಿಂದ ಬಂದ ಹೊಡೆತವನ್ನು ಕೆಳಗಿನವನಿಗೆ ದಾಟಿಸುವುದು ಮಾತ್ರ ಏಕೆ ಸುಲಭವಾಗುತ್ತದೆ? ಬಟ್ಟೆಯ ಬೆಲೆ, ವಿದ್ಯುತ್ತಿನ ಬಿಲ್ಲು, ಮಳಿಗೆಯ ಬಾಡಿಗೆ ಇವನ್ನು ಶಕ್ತಿಯಿಲ್ಲವೆಂದು ಯಾರೂ ಅರ್ಧ ಕೊಡುವುದಿಲ್ಲ. ಕೇರಳದ ಹೆಂಚು ಕಾರ್ಖಾನೆಗಳ ಪ್ರಕರಣದಲ್ಲಿ 1961ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ, ಕನಿಷ್ಠ ವೇತನ ನಿಗದಿಪಡಿಸುವಾಗ ಮಾಲೀಕನ ಕೊಡುವ ಶಕ್ತಿಯನ್ನು ನೋಡಬೇಕಾಗಿಲ್ಲ ಎಂದು ಹೇಳಿದೆ. ಮನುಷ್ಯ ಬದುಕಿರಲು ಬೇಕಾದಷ್ಟನ್ನೂ ಕೊಡಲಾರದ ಉದ್ಯಮವು ಕೂಲಿಯವನ ದೇಹವನ್ನೇ ಬಂಡವಾಳವಾಗಿ ತಿನ್ನುತ್ತಿರುತ್ತದೆ.

ಹೆಸರು ಬರೆಯುವುದು ಕೆಲಸಗಾರನಿಗೇ ಬೇಡ, ಭವಿಷ್ಯನಿಧಿಗೆ ಹಿಡಿದುಕೊಂಡರೆ ಕೈಗೆ ಬರುವ ಹಣ ಕಡಿಮೆಯಾಗುತ್ತದೆಂದು ಅವನೇ ಹೇಳುತ್ತಾನೆ ಎಂಬುದು ಎರಡನೆಯದು. ಇದರಲ್ಲಿಯೂ ಸತ್ಯಾಂಶವಿದೆ, ದಿನದ ಅನ್ನಕ್ಕೆ ಸಾಲದ ಕೂಲಿಯಲ್ಲಿ ನಾಳೆಗೆ ಉಳಿಸೆಂದರೆ ಯಾರು ಒಪ್ಪಿಯಾರು? ಅಂದಮೇಲೆ ಇದು ಹೆಸರು ಬರೆಯದಿರುವುದಕ್ಕೆ ಕಾರಣವಲ್ಲ, ಕೂಲಿ ಹೆಚ್ಚಿಸುವುದಕ್ಕೆ ಕಾರಣ. ರಾಜ್ಯ ವಿಮಾ ಯೋಜನೆಗೆ ಕೆಲಸಗಾರನ ಪಾಲು ನೂರು ರೂಪಾಯಿಗೆ 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಹತ್ತು ಜನರಿರುವ ಘಟಕಕ್ಕೂ ಅದು ಅನ್ವಯಿಸುತ್ತದೆ. ಬೆರಳಿಗೆ ಸೂಜಿ ನಾಟಿದವನು, ಹೆರಿಗೆಗೆ ಹೋದವಳು ಚಿಕಿತ್ಸೆಗೆ ಕೈಯೊಡ್ಡಬೇಕಾಗಿಲ್ಲ. ಯಾರಿಗೆ ಯಾವುದು ಬೇಡವಾಗಿದೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಮೂರನೆಯ ಆಕ್ಷೇಪ ಬಹಳ ಮೃದುವಾದ ದನಿಯಲ್ಲಿ ಬರುತ್ತದೆ: ಆಳುಗಳೆಂದರೆ ಮನೆಯವರಿದ್ದಂತೆ, ಮದುವೆಗೆ ಮುಂಗಡ ಕೊಡುತ್ತೇವೆ, ಕಾಯಿಲೆಗೆ ಹಣ ಕೊಡುತ್ತೇವೆ, ಹಬ್ಬಕ್ಕೆ ಬಟ್ಟೆ ಕೊಡುತ್ತೇವೆ, ಲೆಕ್ಕ ಪತ್ರವೆಂದರೆ ಆ ಸಂಬಂಧ ಕೆಡುತ್ತದೆ. ಮನೆಯವರಿಗೆ ಆಸ್ತಿಯಲ್ಲಿ ಪಾಲಿರುತ್ತದೆ ಎಂಬುದನ್ನು ಹೀಗೆ ಹೇಳುವವರು ಮರೆಯುತ್ತಾರೆ. ಕೂಲಿ ಸಾಲದೆ ತೆಗೆದುಕೊಂಡ ಮುಂಗಡ ತೀರುವವರೆಗೆ ಬೇರೆಡೆ ಹೋಗುವಂತಿಲ್ಲ ಎಂದಾದರೆ ಅದು ಉಪಕಾರವಲ್ಲ. ಅತಿಚಾರಗಳ ಪಟ್ಟಿಯಲ್ಲಿ ಮೊಟ್ಟಮೊದಲು ಬರುವ ಬಂಧ ಅದೇ. 1976ರಲ್ಲಿ ಜೀತ ರದ್ದಾದದ್ದು ಸರಪಳಿ ಹಾಕಿದ ಜೀತಕ್ಕಷ್ಟೇ ಅಲ್ಲ, ಸಾಲದಿಂದ ಕಟ್ಟಿಹಾಕಿದ ಜೀತಕ್ಕೂ.

ಕೊನೆಯ ಆಕ್ಷೇಪ ಸಂಘದ ಬಗ್ಗೆ. ಕಾರ್ಮಿಕ ಸಂಘವೆಂದರೆ ಜಗಳ, ದ್ವೇಷ, ಕಲ್ಲು, ಬಾವುಟ. ಅಹಿಂಸಾಧರ್ಮೀಯರಿಗೆ ಅದು ಸಲ್ಲದು ಎನ್ನುವವರಿದ್ದಾರೆ. ಇವರು ಇತಿಹಾಸವನ್ನು ಓದಬೇಕು. ಬಳ್ಳಾರಿಯು 1953ರವರೆಗೂ ಮದ್ರಾಸಿಗೆ ಸೇರಿತ್ತು; ಆ ಮದ್ರಾಸಿನಲ್ಲಿಯೇ 1918ರ ಏಪ್ರಿಲ್ 27ರಂದು ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರು ಬಿ.ಪಿ. ವಾಡಿಯಾ ಅವರ ನೇತೃತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪಿಸಿದರು. ಸಂಘ ಕಟ್ಟಿದ ತಪ್ಪಿಗೆ ನಾಯಕರ ಮೇಲೆ ಗಿರಣಿಯವರು ದಾವೆ ಹೂಡಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಆ ಅನ್ಯಾಯಕ್ಕೆ ಉತ್ತರವಾಗಿಯೇ 1926ರ ಕಾರ್ಮಿಕ ಸಂಘಗಳ ಕಾಯಿದೆ ಹುಟ್ಟಿತು.

ಅದೇ 1918ರಲ್ಲಿ ಅಹಮದಾಬಾದಿನಲ್ಲಿ ನಡೆದದ್ದು ಜೈನ ಸಮಾಜಕ್ಕೆ ಇನ್ನೂ ಹತ್ತಿರದ ಕಥೆ. ಗಿರಣಿ ಮಾಲೀಕರ ಸಂಘದ ಮುಂದಾಳು ಅಂಬಾಲಾಲ್ ಸಾರಾಭಾಯಿ. ನೇಕಾರರ ಮುಂದಾಳು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ. ಇಬ್ಬರೂ ಒಂದೇ ಜೈನ ಮನೆತನದ ಮಕ್ಕಳು. 36 ಗಂಟೆ ಎಡೆಬಿಡದೆ ದುಡಿದು ಹೊರಬರುತ್ತಿದ್ದ ಹೆಂಗಸರನ್ನು ಕಂಡ ದಿನ ಅನಸೂಯಾ ತಮ್ಮ ಬದುಕಿನ ದಾರಿಯನ್ನು ಗೊತ್ತುಮಾಡಿಕೊಂಡರು. ನೇಕಾರರು ನೂರಕ್ಕೆ 35ರಷ್ಟು ಹೆಚ್ಚಳ ಕೇಳಿದರು, ಮಾಲೀಕರು 20ಕ್ಕೆ ನಿಂತರು. ಗಿರಣಿಗಳಿಗೆ ಬೀಗ ಬಿತ್ತು. ಗಾಂಧೀಜಿ ಮಾರ್ಚ್ 15ರಂದು ಉಪವಾಸ ಕುಳಿತರು. ಮೂರು ದಿನಗಳಲ್ಲಿ ವಿವಾದ ಪಂಚಾಯಿತಿಗೆ ಒಪ್ಪಿತವಾಯಿತು; ಪಂಚರ ತೀರ್ಪು 35ನ್ನೇ ಎತ್ತಿಹಿಡಿಯಿತು. 1920ರಲ್ಲಿ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಅಕ್ಕ ತಮ್ಮಂದಿರ ನಡುವೆ ಆ ದಿನಗಳಲ್ಲಿ ಇದ್ದದ್ದು ದ್ವೇಷವಲ್ಲ, ನ್ಯಾಯದ ಪ್ರಶ್ನೆ. ಉಪವಾಸ, ಸಂಯಮ, ಎದುರಾಳಿಯ ಆತ್ಮಸಾಕ್ಷಿಗೆ ಮೊರೆ, ಮಧ್ಯಸ್ಥರ ಮಾತಿಗೆ ತಲೆಬಾಗುವಿಕೆ: ಇವು ಯಾವ ಪರಂಪರೆಯ ಗುಣಗಳೆಂದು ಈ ಸಮಾಜಕ್ಕೆ ಬಿಡಿಸಿ ಹೇಳಬೇಕೇ? ಸಂಘವೆಂಬ ಶಬ್ದವನ್ನೇ ಚತುರ್ವಿಧವಾಗಿ ಪೂಜಿಸುವ ಧರ್ಮದವರಿಗೆ ಕೂಲಿಯವರ ಸಂಘವೆಂದರೆ ಮಾತ್ರ ಅಂಜಿಕೆಯೇಕೆ?

ಸಂಘವಿಲ್ಲದ ಕಡೆ ಶಾಂತಿಯಿರುವುದಿಲ್ಲ, ಮೌನವಿರುತ್ತದೆ. ಭವಿಷ್ಯನಿಧಿಯ ಹಣ ತೆಗೆಯುವ ನಿಯಮವನ್ನು ಬಿಗಿಗೊಳಿಸಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ನಾಯಕರ ಕರೆಗೂ ಕಾಯದೆ ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡು ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಗದ್ದಲದಲ್ಲಿ ಬೆಂಕಿಯೂ ಬಿತ್ತು, ಲಾಠಿಯೂ ಬಿತ್ತು. ಮಾತಾಡಲು ಮೇಜು ಇಲ್ಲದವರಿಗೆ ಕೊನೆಗೆ ಉಳಿಯುವುದು ರಸ್ತೆಯೊಂದೇ. ಹಿಂಸೆ ಬೇಡವೆನ್ನುವವರು ಮೊದಲು ಮೇಜು ಹಾಕಿ, ಎದುರಿಗೆ ಕುರ್ಚಿ ಹಾಕಿ ಕೂರಿಸಬೇಕು.

ಇನ್ನು ದಾನದ ಮಾತು. ಬಸದಿಗಳ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ, ವಿದ್ಯಾರ್ಥಿನಿಲಯಕ್ಕೆ, ಗೋಶಾಲೆಗೆ ಹರಿದುಬರುವ ಧನ ಈ ಸಮಾಜದ ಹೆಮ್ಮೆ. ಅದನ್ನು ಹೀಗಳೆಯುವುದು ಕೃತಘ್ನತೆ. ಆದರೆ ಆಶಾಧರರ ಸಾಗಾರಧರ್ಮಾಮೃತ ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯೋಪಾತ್ತ ಧನವನ್ನೇ ಮೊದಲಿಗೆ ಇಟ್ಟಿದೆ. ನ್ಯಾಯದಿಂದ ಬಂದ ಧನವಿದ್ದರೆ ಉಳಿದ ಗುಣಗಳಿಗೆ ನೆಲೆ. ಇಲ್ಲವಾದರೆ ಅವು ನೆಲೆಯಿಲ್ಲದ ಗೋಪುರ. ಕೂಲಿಯವನಿಗೆ ಸಲ್ಲಬೇಕಾದುದನ್ನು ತಡೆಹಿಡಿದು ಕೊಟ್ಟ ದಾನದ ದಾನಿ ನಿಜವಾಗಿ ಯಾರು? ಅಮೃತಶಿಲೆಯ ಫಲಕದಲ್ಲಿ ಕೆತ್ತಿಸಿದ ಹೆಸರು ಒಬ್ಬರದು, ಹಣ ಇನ್ನೊಬ್ಬರದು. ಕೂಲಿ ಋಣ, ದಾನ ಪುಣ್ಯ. ಋಣ ತೀರದೆ ಪುಣ್ಯದ ಲೆಕ್ಕ ಆರಂಭವಾಗುವುದಿಲ್ಲ. ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಾಣಿಯ ದಿನ ಸಕಲ ಜೀವಿಗಳಲ್ಲಿಯೂ ಕ್ಷಮೆ ಬೇಡುವ ಶ್ರಾವಕನು ಅಂದು ಗಿರಣಿಯ ಹಮಾಲನ ಮುಂದೆ ಕೈಮುಗಿದು ನಿಂತರೆ, ಅವನು ಏನನ್ನು ಕ್ಷಮಿಸಬೇಕೆಂದು ಕೇಳಿಯಾನು? ಆ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಮಾಡಬೇಕಾದದ್ದು ದೊಡ್ಡದೇನೂ ಅಲ್ಲ, ಸರ್ಕಾರಕ್ಕಾಗಿ ಕಾಯಬೇಕಾದದ್ದೂ ಅಲ್ಲ. ಗಿರಣಿಯ ಮಾಲೀಕರು ಒಟ್ಟಾಗಿ 50 ಕಿಲೋ ಮೀರಿದ ಚೀಲವನ್ನು ಮನುಷ್ಯನ ಹೆಗಲಿಗೆ ಹಾಕುವುದಿಲ್ಲವೆಂದು ನಿಶ್ಚಯಿಸಬಹುದು; ಅದು ಇಂದಿನಿಂದಲೇ ಸಾಧ್ಯ. ಬೇಸಗೆಯ ಮಧ್ಯಾಹ್ನ 12ರಿಂದ 3ರವರೆಗೆ ಕತ್ತೆಗೆ ಕಾನೂನು ಕೊಟ್ಟ ನೆರಳನ್ನು ಹಮಾಲನಿಗೆ ಧರ್ಮ ಕೊಡಬಹುದು. ಜೀನ್ಸ್ ಘಟಕದವರು ಹತ್ತು ಜನರಿರಲಿ, ನಾಲ್ವರಿರಲಿ, ಮನೆಯಲ್ಲಿ ಕುಳಿತು ದಾರ ಕತ್ತರಿಸುವವಳಿರಲಿ, ಪ್ರತಿಯೊಬ್ಬರ ಹೆಸರನ್ನೂ ಬರೆದು ವಾರಕ್ಕೊಂದು ಚೀಟಿ ಕೊಡಬಹುದು. ಹಮಾಲರಿಗೂ ದರ್ಜಿಗಳಿಗೂ ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯಲ್ಲಿ ನೋಂದಣಿಯ ಅವಕಾಶವಿದೆ. ಅದಕ್ಕೆ ಬೇಕಾದ ದೃಢೀಕರಣಕ್ಕೆ ಮಾಲೀಕನ ಒಂದು ಸಹಿ ಬಹಳ ನೆರವಾಗುತ್ತದೆ. ಗದ್ದೆಯ ಒಡೆಯರು ಗಂಡಾಳು ಹೆಣ್ಣಾಳೆಂಬ ಎರಡು ದರಗಳನ್ನು ಕೈಬಿಡಬಹುದು. ಕೂಲಿಯವರು ಸಂಘ ಕಟ್ಟಿಕೊಂಡು ಬಂದರೆ ಬಾಗಿಲು ಹಾಕದೆ ಒಳಗೆ ಕರೆಯಬಹುದು.

ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ದಿನ. ಅಂದು ಅಂಗಡಿ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಪದ್ಧತಿಯಿದೆ. ಆ ಪುಸ್ತಕದಲ್ಲಿ ಕೊಡಬೇಕಾದವರ, ಬರಬೇಕಾದವರ ಎಲ್ಲರ ಹೆಸರೂ ಇರುತ್ತದೆ. ಸಾಲ ಕೊಟ್ಟ ವರ್ತಕನ ಹೆಸರನ್ನು ಯಾರೂ ಬರೆಯದೆ ಬಿಡುವುದಿಲ್ಲ. ಬೆವರನ್ನು ಸಾಲವಾಗಿ ಕೊಟ್ಟವನ ಹೆಸರೂ ಅಲ್ಲಿರಲಿ. ಮುಂದಿನ ದೀಪಾವಳಿಗೆ ಹೊಸ ಪುಸ್ತಕ ತೆರೆಯುವ ಪ್ರತಿಯೊಬ್ಬ ಗೃಹಸ್ಥನೂ ಮೊದಲ ಪುಟದಲ್ಲಿ ತನ್ನಲ್ಲಿ ದುಡಿಯುವವರ ಹೆಸರುಗಳನ್ನು, ಅವರಿಗೆ ಸಲ್ಲಬೇಕಾದ ಕೂಲಿಯನ್ನು ಬರೆದು, ಅನಂತರ ಪೂಜೆಗೆ ಕೂರಲಿ. ದಾನದ ಪುಟಗಳು ಅದರ ಮುಂದೆ ಬರಲಿ.